ಅರೆದರೆ ಹಳದಿ

ಲ್ಯಾಬಿನ ಅಕ್ಕನಿಗೆ ಗಂಟುಗಂಟಾದ ಪುಡಿ ಕಂಡರಾಗದು. ಇಪ್ಪತ್ತು ವರ್ಷದಿಂದ ಅಲ್ಲಿನ ಗಾಜು ತೊಳೆದು, ಸಂಶೋಧಕರನ್ನು ಗದರಿಸಿ ಸಾಕಿದವರು ಅವರು. ಆ ಬೆಳಿಗ್ಗೆ ತಾಮ್ರಪ್ಪನ ಮೇಜಿನ ಮೇಲೆ ಒರಟೊರಟು ಹರಳುಗಳನ್ನು ಕಂಡು, ‘ಪಾಪ, ಗಡಿಬಿಡೀಲಿ ಅರೆಯೋದು ಮರ್ತಿದಾನೆ’ ಎಂದು ಕುಟ್ಟಾಣಿಗೆ ಹಾಕಿ ನುಣ್ಣಗೆ ಅರೆದಿಟ್ಟರು.

ತಾಮ್ರಪ್ಪ ಎನ್ನುವುದು ಅಡ್ಡಹೆಸರು. ತಾಮ್ರಕ್ಕೆ ಅಯೋಡಿನ್ ಕೂಡಿಸಿ ಬೆಳಕು ಬರಿಸುತ್ತೇನೆಂದು ಏಳು ವರ್ಷ ಪಟ್ಟು ಹಿಡಿದು ಕೂತವನಿಗೆ ಗೆಳೆಯರು ಕೊಟ್ಟ ಬಿರುದು. ಕಡೆಗೂ ಅವನ ಹರಳು ನೇರಳಾತೀತ ದೀಪದ ಕೆಳಗೆ ಗಿಳಿಹಸಿರಾಗಿ ಹೊಳೆದಿತ್ತು. ಪ್ರಬಂಧದ ಇನ್ನೂರು ಪುಟದಲ್ಲೂ ಹಸಿರೇ ಹಸಿರು. ಹನ್ನೊಂದಕ್ಕೆ ಹೊರಗಿನ ಪರೀಕ್ಷಕಿ ಬಂದು ನೋಡಿ ಹೂಂ ಅಂದರೆ ಡಾಕ್ಟರೇಟು.

ಹತ್ತೂಮುಕ್ಕಾಲಿಗೆ ದೀಪ ಹಾಕಿದ. ಪುಡಿ ಅರಿಶಿನದಂತೆ ಹಳದಿಯಾಗಿ ಹೊಳೆಯಿತು.

“ಅಕ್ಕಾ! ಇದನ್ನ ಮುಟ್ಟಿದ್ಯಾರು?”

“ನಾನೇ. ಎಷ್ಟು ನುಣ್ಣಗಿದೆ ನೋಡಪ್ಪ, ಮುಖಕ್ಕೆ ಹಚ್ಕೋಬಹುದು!”

ಕೂಗು ಕೇಳಿ ಓಡಿಬಂದ ಅವನ ಮಾರ್ಗದರ್ಶಕ ಮೇಷ್ಟ್ರ ಮುಖ ಒಡೆದ ಹಾಲಿನಂತಾಯಿತು. ಪಕ್ಕದ ಮೇಜಿನವನು, “ದೀಪಕ್ಕೆ ಹಸಿರು ಕಾಗದ ಸುತ್ತೋಣ” ಎಂದ. ಇನ್ನೊಬ್ಬಳು, “ಪರೀಕ್ಷಕಿಗೆ ವಯಸ್ಸಾಗಿದೆ. ಹಸಿರು, ಹಸಿರು ಅಂತ ಗಟ್ಟಿಯಾಗಿ ಹೇಳ್ತಾ ಇರಿ” ಎಂದಳು. ಸಲಹೆ ಕೊಡುವವರ ನೂಕುನುಗ್ಗಲಲ್ಲಿ ಯಾರದೋ ಮೊಣಕೈ ತಗುಲಿ, ದ್ರಾವಕದ ಬಾಟಲಿ ಪುಡಿಯ ಮೇಲೇ ಉರುಳಿತು.

ಪುಡಿ ಒಣಗಲೆಂದು ತಾಮ್ರಪ್ಪ ಕೈಗೆ ಸಿಕ್ಕ ಪ್ರಬಂಧದಿಂದಲೇ ಬೀಸತೊಡಗಿದ. ಅಷ್ಟರಲ್ಲಿ ಪರೀಕ್ಷಕಿ ಬಾಗಿಲಲ್ಲಿ!

ಅವರು ಕನ್ನಡಕ ಏರಿಸಿ ಬಗ್ಗಿದರು. “ಇದೇನ್ರೀ, ಅಂಚು ಹಸಿರು, ನಡು ಹಳದಿ?”

ಸುಳ್ಳು ಹೇಳಲು ತಾಮ್ರಪ್ಪನ ನಾಲಗೆ ಏಳಲಿಲ್ಲ. ಅಕ್ಕ ಅರೆದದ್ದು, ಬಾಟಲಿ ಉರುಳಿದ್ದು, ಎಲ್ಲ ಒದರಿಬಿಟ್ಟ.

ಪರೀಕ್ಷಕಿ ತಾವೇ ಕುಟ್ಟಾಣಿ ಎಳೆದುಕೊಂಡರು. ಅರೆದರೆ ಹಳದಿ. ಎರಡು ಹನಿ ದ್ರಾವಕ ಬಿಟ್ಟು ಒಣಗಿಸಿದರೆ ಮತ್ತೆ ಹಸಿರು. ಆಟಿಕೆ ಸಿಕ್ಕ ಮಗುವಿನಂತೆ ಮತ್ತೆ ಮತ್ತೆ ಮಾಡಿದರು.

“ಅದ್ಭುತ! ಏಳು ವರ್ಷದಲ್ಲಿ ಒಂದ್ಸಲಾನೂ ಅರೆದು ನೋಡ್ಲಿಲ್ವಾ?”

“ಹಾಳಾದಾವು ಅಂತ ಜೋಪಾನ ಮಾಡ್ದೆ ಮೇಡಂ.”

ಮೇಷ್ಟ್ರು ಬೆನ್ನು ತಟ್ಟಿದರು. ಗೆಳೆಯರು ಚಪ್ಪಾಳೆ ಹೊಡೆದರು. ತಾಮ್ರಪ್ಪ ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿದ್ದ. ಪರೀಕ್ಷಕಿ ವರದಿ ಬರೆದು ಕೊಟ್ಟು ಹೊರಟರು. ಮೇಷ್ಟ್ರು ಗಟ್ಟಿಯಾಗಿ ಓದಿದರು:

“ಅಪರೂಪದ ವಸ್ತು. ಆದರೆ ಪ್ರಬಂಧದಲ್ಲಿ ಇದರ ಅರ್ಧ ಕತೆ ಮಾತ್ರ ಇದೆ. ಉಳಿದರ್ಧವನ್ನೂ ಸೇರಿಸಿ, ಎರಡು ವರ್ಷದ ನಂತರ ಮತ್ತೆ ಒಪ್ಪಿಸಲಿ. ಇದನ್ನು ಕಂಡುಹಿಡಿದ ಮಹಿಳೆಯ ಹೆಸರು ಲೇಖನದಲ್ಲಿ ಮೊದಲು ಬರಲಿ.”

ಎಲ್ಲರೂ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ತಾಮ್ರಪ್ಪ ಮತ್ತೆ ದೀಪ ಹಾಕಿದ. ಹಸಿರೂ ಹಳದಿಯೂ ಬೆರೆತು ಪುಡಿ ಹೊಳೆಯುತ್ತಿತ್ತು. ಚೆನ್ನಾಗಿಯೇ ಇತ್ತು, ಅವನಿಗೆ ನಗು ಬಂತು.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. “ನಾಳೆ ಏನು ಅರೀಬೇಕು ಹೇಳಪ್ಪ, ಬೇಗ ಬರ್ತೀನಿ.”

ತಾಮ್ರಪ್ಪ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ. “ನನ್ನೇನು ಕೇಳ್ತೀರಿ ಅಕ್ಕ? ನೀವು ಹೇಳಿದ್ದನ್ನ ನಾನು ಬರ್ಕೋತೀನಿ.”