ಭೀಮನಿಗೆ ಹುಷಾರಿಲ್ಲ

ನಮ್ಮ ಸೋದರಮಾವನಷ್ಟು ಹೆದರುವವರು ಶಿಡ್ಲಘಟ್ಟದಲ್ಲಿ ಇನ್ನೊಬ್ಬರಿಲ್ಲ ಎಂದರೆ ಅದು ಅವರಿಗೆ ಮಾಡುವ ಅನ್ಯಾಯ. ಚಿಂತಾಮಣಿ, ಗೌರಿಬಿದನೂರು ಸೇರಿಸಿಕೊಂಡು ಹುಡುಕಿದರೂ ಸಿಗಲಾರರು! ಅತ್ತೆ ಒಲೆಯ ಮೇಲೆ ಕುಕ್ಕರ್ ಇಟ್ಟರೆ ಮಾವ ಎದ್ದು ಜಗಲಿಗೆ ಬರುತ್ತಾರೆ. ಅದು ಕೂಗಿ ಮುಗಿದು, ಅತ್ತೆ "ಬನ್ನಿ, ಎಲ್ಲಾರೂ ಬದುಕಿದ್ದೀವಿ" ಎಂದ ಮೇಲೆಯೇ ಒಳಗೆ ಹೋಗುವುದು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅದನ್ನು ದಿಂಬಿನ ಕೆಳಗಿಟ್ಟು ದಿಂಬಿನ ಮೇಲೆ ಕೂರುತ್ತಾರೆ. ಮಲಗಿದಾಗ ತಲೆ ಫ್ಯಾನಿನ ಕೆಳಗೆ ಬರಬಾರದೆಂದು ಅವರ ಮಂಚ ಕೋಣೆಯಲ್ಲಿ ಓರೆಯಾಗಿ ನಿಂತಿದೆ. ಇಂಥವರು ರೇಷ್ಮೆ ಇಲಾಖೆಯಲ್ಲಿ ನಿವೃತ್ತರಾಗುವವರೆಗೆ ನೌಕರಿ ಹೇಗೆ ಮಾಡಿದರು ಅನ್ನುತ್ತೀರಾ? ರೇಷ್ಮೆಹುಳು ಕಚ್ಚುವುದಿಲ್ಲವಲ್ಲ!

ಇಂಥ ಮಾವ ಬೆನ್ನ ತುಂಬ ಮುಳ್ಳು, ಮಾರುದ್ದದ ಮೈ ಇರುವ ಒಂದು ಹಲ್ಲಿಯನ್ನು ಸಾಕಿದರು ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ಅದಕ್ಕೂ ಭಯವೇ ಕಾರಣ. ಪಕ್ಕದ ಬೀದಿಯಲ್ಲಿ ಕಳ್ಳತನವಾಯಿತು. ನಾಯಿ ಸಾಕಿ ಎಂದೆವು. ನಾಯಿ ಕಚ್ಚುತ್ತದೆ, ಬೊಗಳಿದರೆ ಎದೆ ಹೊಡೆದುಕೊಳ್ಳುತ್ತದೆ, ಮೇಲಾಗಿ ಅತ್ತೆಯ ಅಡುಗೆಮನೆಯಲ್ಲಿ ಮಾಂಸ ನಡೆಯುವುದಿಲ್ಲ ಎಂದರು ಮಾವ. ಬೊಗಳಬಾರದು, ಸೊಪ್ಪು ತಿನ್ನಬೇಕು, ಆದರೆ ಕಳ್ಳ ಮಾತ್ರ ನೋಡಿದೊಡನೆ ಕಿರುಚಿಕೊಂಡು ಓಡಬೇಕು! ಬೆಂಗಳೂರಿನಲ್ಲಿ ಗಿಳಿ, ಮೀನು ಮಾರುವ ಅಂಗಡಿಯೊಂದರಲ್ಲಿ ಅಂಥದ್ದೂ ಇತ್ತು. ಹಸಿರು ಇಗ್ವಾನ. "ಗಂಡು ಸಾರ್, ಗ್ಯಾರಂಟಿ" ಎಂದನಂತೆ ಅಂಗಡಿಯವನು. ಮಾವ ಭೀಮ ಎಂದು ಹೆಸರಿಟ್ಟರು. ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ ಸೊಪ್ಪಿಗೆ ಬರವೇ? ಭೀಮ ಬೆಳೆದ. ಕಳ್ಳ ಬರಲಿಲ್ಲ, ಹಾಲಿನವನೂ ಬರುವುದನ್ನು ನಿಲ್ಲಿಸಿದ.

ಮೊದಮೊದಲು ಮಾವ ಕೊಡೆಯ ತುದಿಗೆ ಸೊಪ್ಪು ಸಿಕ್ಕಿಸಿ ದೂರದಿಂದ ತಿನ್ನಿಸುತ್ತಿದ್ದರು. ಆಮೇಲೆ ಕೊಡೆ ಹೋಗಿ ಸೌಟು ಬಂತು. ಕೊನೆಗೆ ಬರಿಗೈ. ನಾನಿನ್ನೂ ಕೊಡೆಯಲ್ಲೇ ಇದ್ದೆ.

ಒಂದು ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿದ್ದ ನನಗೆ ಮಾವನ ಫೋನ್. "ಬೇಗ ಕಾರ್ ತಗೊಂಡ್ ಬಾರಪ್ಪ. ಭೀಮ ಸೊಪ್ಪು ಮುಟ್ತಾ ಇಲ್ಲ. ಹೊಟ್ಟೆ ಊದ್ಕೊಂಡಿದೆ. ನೆಲ ಕೆರೀತಾನೆ, ಸುಸ್ತಾಗಿ ಬೀಳ್ತಾನೆ. ನಂಗೆ ಕೈಕಾಲೇ ಆಡ್ತಿಲ್ಲ ಕಣೋ!"

ಹೋಗಿ ನೋಡಿದೆ. ಹಸಿರು ಬಣ್ಣ ಮಾಸಿ ಮಣ್ಣಿನ ಹಾಗಾಗಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಸಾಮಾನ್ಯವಾಗಿ ನನ್ನನ್ನು ಕಂಡರೆ ಬಾಲ ಎತ್ತುವ ಭೀಮ ಅಂದು ಸುಮ್ಮನೆ ಬಿದ್ದಿದ್ದ. ಅವನು ಬಾಲ ಎತ್ತಿದರೆ ನನಗೆ ಭಯ; ಅಂದು ಎತ್ತದಿದ್ದುದಕ್ಕೆ ಅದಕ್ಕಿಂತ ಹೆಚ್ಚು ಭಯವಾಯಿತು.

ಟೊಮೆಟೊ ಕ್ರೇಟಿನಲ್ಲಿ ಟವೆಲ್ ಹಾಸಿ ಮಲಗಿಸಿಕೊಂಡು ಚಿಂತಾಮಣಿಗೆ ಹೊರಟೆವು. ಅಲ್ಲಿಯ ಪಶು ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದಾರೆ, ಕೈಗುಣ ಚೆನ್ನಾಗಿದೆ ಎಂದು ಅತ್ತೆಗೆ ಯಾರೋ ಹೇಳಿದ್ದರು. ದಾರಿಯುದ್ದಕ್ಕೂ ಮಾವ ಹಾರನ್ ಹೊಡೆಯಲು ಬಿಡಲಿಲ್ಲ. "ಬೆಚ್ಚಿಬೀಳ್ತಾನೆ" ಎಂದರು. ಎದುರಿಗೆ ಬಂದ ಲಾರಿಗಳಿಗೆಲ್ಲ ನಾನು ಕೈಮುಗಿದುಕೊಂಡೇ ದಾರಿ ಕೇಳಿದೆ!

ಆಸ್ಪತ್ರೆಯಲ್ಲಿ ಮೇಕೆ ಹಿಡಿದು ಕೂತಿದ್ದ ಮುದುಕರೊಬ್ಬರು ಕ್ರೇಟಿನೊಳಗೆ ಇಣುಕಿದರು. "ಏಂ ಸಾಮೀ, ಉಡುಮಾ ಇದಿ? ಉಡ ಸಾಕಿದ್ರೆ ಫಾರೆಸ್ಟ್‌ನೋರು ಒಳಗೆ ಹಾಕ್ತಾರೆ!"

ಮಾವನ ಮುಖ ಭೀಮನ ಬಣ್ಣಕ್ಕೆ ಬಂತು. "ಅಲ್ಲಪ್ಪಾ, ಇದು ಫಾರಿನ್ನು!" ಎಂದು ನಡುಗುತ್ತಲೇ ಹೇಳಿದರು. ಬೇರೆ ದಿನವಾಗಿದ್ದರೆ ಜೈಲಿನ ಹೆಸರು ಕೇಳಿದ್ದೇ ಮಾವ ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದರು. ಅಂದು ಕ್ರೇಟನ್ನು ಇನ್ನಷ್ಟು ತಬ್ಬಿಕೊಂಡು ಅಲ್ಲೇ ಕೂತರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕ್ರೇಟಿನ ಮುಂದೆ ನಿಂತು ಒಮ್ಮೆ ಉಸಿರೆಳೆದುಕೊಂಡರು. "ಸಾರ್, ಇರೋದ್ ಹೇಳ್ಬಿಡ್ತೀನಿ. ನಾನ್ ನೋಡಿರೋದೆಲ್ಲ ಹಸು, ಎಮ್ಮೆ, ಕುರಿ. ಇದನ್ನ ಫೋಟೋದಲ್ಲಿ ಮಾತ್ರ ನೋಡಿದ್ದೀನಿ. ನಂಗೂ ಭಯಾನೇ."

ಮಾವನಿಗೆ ಆ ಮಾತಿನಿಂದ ಎಷ್ಟು ಧೈರ್ಯ ಬಂತು ಅಂತೀರಿ! ತಮ್ಮ ಜಾತಿಯವರು ಒಬ್ಬರು ಸಿಕ್ಕಿದರಲ್ಲ!

ಡಾಕ್ಟರಮ್ಮ ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ತಮ್ಮ ಗೆಳತಿಗೆ ವಿಡಿಯೋ ಕಾಲ್ ಮಾಡಿದರು. ಗೆಳತಿ ಹೇಳಿದಂತೆ ಹೊಟ್ಟೆ ಮುಟ್ಟಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಎಕ್ಸ್‌ರೇ ಬೆಳಕಿಗೆ ಹಿಡಿದವರು ನಕ್ಕುಬಿಟ್ಟರು.

"ಸಾರ್, ನಿಮ್ಮ ಭೀಮ ಬಸುರಿ."

"ಡಾಕ್ಟ್ರೇ, ಅದು ಗಂಡು! ಗ್ಯಾರಂಟಿ ಕೊಟ್ಟಿದ್ದಾನೆ!"

"ಹೊಟ್ಟೆ ತುಂಬ ಮೊಟ್ಟೆ ಇದಾವೆ, ನೋಡಿ."

ಮಾವ ತೊದಲಿದರು. "ಆದರೆ... ಮನೇಲಿ ಗಂಡು ಅಂತ ಇರೋನು ನಾನೊಬ್ಬನೇ ಅಲ್ವಾ?"

ಫಾರಂ ಕೋಳಿಯ ಹಾಗೆ ಇದಕ್ಕೂ ಗಂಡಿಲ್ಲದೆಯೇ ಮೊಟ್ಟೆ ಬರುತ್ತವೆ, ಅವು ಮರಿಯಾಗುವುದಿಲ್ಲ ಎಂದು ವಿವರಿಸುವಷ್ಟರಲ್ಲಿ ಡಾಕ್ಟರಮ್ಮ ಬೆವತಿದ್ದರು. ಆದರೆ ಮುಂದಿನ ಮಾತಿಗೆ ನಗು ನಿಂತಿತು. ಅಗೆಯಲು ಮಣ್ಣು ಸಿಗದೆ ಅದು ಮೊಟ್ಟೆಗಳನ್ನು ಹಿಡಿದಿಟ್ಟುಕೊಂಡಿದೆ. ನಿತ್ರಾಣವಾಗಿದೆ. ನಾಳೆ ಸಂಜೆಯೊಳಗೆ ಇಡದಿದ್ದರೆ ಬೆಂಗಳೂರಿಗೆ ಒಯ್ದು ಆಪರೇಷನ್ ಮಾಡಿಸಬೇಕು. "ಈ ಸ್ಥಿತೀಲಿ ತಡ್ಕೊಳ್ಳುತ್ತೆ ಅಂತ ಹೇಳಕ್ಕಾಗಲ್ಲ ಸಾರ್."

ಕ್ಯಾಲ್ಸಿಯಂ ಇಂಜೆಕ್ಷನ್ ಕೊಡಲು ಯಾರಾದರೂ ಹಿಡಿದುಕೊಳ್ಳಬೇಕಿತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಸೂಜಿ ಕಂಡರೆ ಮೂರ್ಛೆ ಹೋಗುವ ಮಾವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಾಲ ಚಾಟಿಯಂತೆ ಬೀಸಿತು. ಏಟು ಬಿದ್ದದ್ದು ಮಾವನಿಗಲ್ಲ, ದೂರ ನಿಂತಿದ್ದೇನೆ ಎಂದುಕೊಂಡಿದ್ದ ನನಗೆ!

ಮನೆಗೆ ಬಂದವರೇ ಹಿತ್ತಲಿನ ಹಳೆಯ ನೀರಿನ ತೊಟ್ಟಿಗೆ ಮರಳು, ಕೆಮ್ಮಣ್ಣು ತುಂಬಿ ನೀರು ಚಿಮುಕಿಸಿದೆವು. ಅತ್ತೆ ತಮ್ಮ ಹಳೆಯ ಸೀರೆಯೊಂದನ್ನು ಮರೆಯಾಗಿ ಕಟ್ಟಿದರು. ಸದ್ದಾಗಬಾರದೆಂದು ಮಾವ ಕುಕ್ಕರ್ ಇಡಲು ಬಿಡಲಿಲ್ಲ. "ಇಷ್ಟು ವರ್ಷ ನಿಮಗೆ, ಈಗ ಇದಕ್ಕಾ?" ಎಂದು ಗೊಣಗುತ್ತಲೇ ಅತ್ತೆ ಪಾತ್ರೆಯಲ್ಲಿ ಅನ್ನ ಬಸಿದರು. ಭೀಮ ಮಾತ್ರ ಮಣ್ಣಿನ ಮೇಲೆ ಅಲ್ಲಾಡದೆ ಬಿದ್ದಿತ್ತು. ಉಸಿರಾಡುತ್ತಿದೆಯೇ ಎಂದು ನಾವು ಮೂವರೂ ಸರದಿಯ ಮೇಲೆ ಇಣುಕಿದೆವು. ಊಟ ಯಾರಿಗೂ ಸೇರಲಿಲ್ಲ.

ಮರುದಿನ ಬಿಸಿಲೇರಿದ ಮೇಲೆ ಮರಳು ಸರಿದ ಸದ್ದು! ಭೀಮ ಅಗೆಯುತ್ತಿತ್ತು. ನಿಲ್ಲುತ್ತಿತ್ತು, ತಲೆ ವಾಲಿಸುತ್ತಿತ್ತು, ಮತ್ತೆ ಅಗೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಿಳಿಯ ಮೊದಲ ಮೊಟ್ಟೆ ಕಂಡಿತು. ಅದರ ಹಿಂದೆ ಇನ್ನೊಂದು. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ತಡೆಯಲಾರದೆ ಸ್ಕೂಟರಿನಲ್ಲಿ ಬಂದೇಬಿಟ್ಟರು. ಎಲ್ಲ ಮುಗಿದ ಮೇಲೆ ಹೊಟ್ಟೆ ಸವರಿ, "ಗೆದ್ದಳು ಸಾರ್, ಒಂದೂ ಉಳಿದಿಲ್ಲ" ಎಂದರು.

ಡಾಕ್ಟರಮ್ಮನನ್ನು ಕಳಿಸಿ ಹಿತ್ತಲಿಗೆ ಬಂದೆ. ಅತ್ತೆ ಬಾಗಿಲಲ್ಲೇ ನನ್ನನ್ನು ತಡೆದು, ಬಾಯಿಯ ಮೇಲೆ ಬೆರಳಿಟ್ಟರು. ಸೋತು ಮಲಗಿದ್ದ ಆ ಜೀವದ ತಲೆ ಸವರುತ್ತಾ ಮಾವ ಮೆಲ್ಲಗೆ ಹೇಳುತ್ತಿದ್ದರು: "ಹೆದರ್ಕೋಬೇಡಮ್ಮ. ನಾನಿದ್ದೀನಿ."

ಹುಟ್ಟಿದಾಗಿನಿಂದ ಎಲ್ಲರೂ ಅವರಿಗೆ ಹೇಳಿದ ಮಾತು ಅದು. ಅವರು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಮ್ಮ ಮಗಳು ಹುಟ್ಟೋವಾಗ ಇವರು ಆಸ್ಪತ್ರೆ ಹೊರಗೆ ಹುಣಸೆ ಮರದ ಕೆಳಗೆ ಕೂತು ಅಳ್ತಿದ್ರಂತೆ," ಅತ್ತೆ ಪಿಸುಗುಟ್ಟಿದರು. "ನಾನು ಈ ಒಂದು ಮಾತು ಕೇಳಿಸ್ಕೊಳ್ಳೋಣ ಅಂತ ಬಾಗಿಲ ಕಡೆನೇ ನೋಡ್ತಾ ಮಲಗಿದ್ದೆ ಕಣೋ."

ಆಮೇಲೆ ಹೋಗಿ ಮಾವನ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಕೂತರು.

"ಇನ್ನೊಂದ್ ಸಲ ಹೇಳ್ರಿ."

ಮಾವ ಯಾಕೆಂದು ಕೇಳಲಿಲ್ಲ. ಅತ್ತೆಯ ಕಡೆ ತಿರುಗಿ, ಹೇಳಿದರು.