ಲಟಿಕೆ ನಿಲ್ಲಿಸಿದ ಡಾಕ್ಟರು

ಮುಂಡರಗಿಯ ಫಿಜಿಯೋಥೆರಪಿಸ್ಟ್ ಕೊಟ್ರೇಶ ಸೋಮವಾರ ಬೆಳಿಗ್ಗೆ ದವಾಖಾನೆಯ ಬಾಗಿಲಿಗೆ ಹಲಗೆ ನೇತುಹಾಕಿದ್ದೇ ತಪ್ಪಾಯಿತು: 'ಇನ್ನು ಮುಂದೆ ಇಲ್ಲಿ ಲಟಿಕೆ ಮುರಿಯುವುದಿಲ್ಲ.'

ಬೆನ್ನು ಲಟಕ್ಕೆಂದರೆ ಜಾರಿದ ಎಲುಬು ಮರಳಿ ಕೂತಿತೆಂದು ಊರಿಗೆಲ್ಲ ನಂಬಿಕೆ. ಆ ಸದ್ದು ಕೀಲಿನೊಳಗಿನ ಗಾಳಿಗುಳ್ಳೆಯದು, ಎಲುಬು ಜಾರಿರುವುದೂ ಇಲ್ಲ, ಕೂರುವುದೂ ಇಲ್ಲ. ಬೆನ್ನಿಗೆ ಬೆರಳೊತ್ತಿ 'ಎಲುಬು ಎಡಗಡೆ ಮೇಲೆದ್ದಿದೆ' ಎನ್ನುವುದರಲ್ಲಿ ಇಬ್ಬರು ಡಾಕ್ಟರರ ಮಾತು ಒಂದಾಗುವುದಿಲ್ಲ ಎಂದೆಲ್ಲ ಹೊಸ ಸಂಶೋಧನೆ ಓದಿ ಅವನು ಹಟ ತೊಟ್ಟಿದ್ದ. ಇನ್ನು ವ್ಯಾಯಾಮವೊಂದೇ: ರೋಗಿಯನ್ನು ಬಗ್ಗಿಸುವುದು, ಏಳಿಸುವುದು, ನಡೆಸುವುದು, ಅಷ್ಟೇ. ಆದರೆ ಬೆಟಗೇರಿಯಲ್ಲಿ ಲಟಿಕೆ ಮುರಿಯುವವನೊಬ್ಬನಿದ್ದ. ರೋಗಿಗಳು ಅತ್ತ ಬಸ್ಸು ಹತ್ತಿದರೆ ಇವನ ದವಾಖಾನೆಗೆ ಬೀಗವೇ ಗತಿ.

ಮೊದಲು ಬಂದವಳು ಮುದುಕಿ ಗದಿಗೆವ್ವ. ಸೊಂಟ ಹಿಡಿದುಕೊಂಡೇ ಮಂಚದ ಮೇಲೆ ಬೋರಲು ಬಿದ್ದಳು.

"ಹೂಂ, ಮುರಿಯಪಾ."

"ಮುರಿಯಂಗಿಲ್ಲಬೇ. ಎದ್ದು ಬಗ್ಗು."

"ಬಗ್ಗಾಕ ಬರ್ತಿದ್ರ ನಿನ್ನ ಕಡೆ ಯಾಕ ಬರ್ತಿದ್ನೋ ಯಪ್ಪಾ?"

ಪಕ್ಕದ ಕಿರಾಣಿ ಅಂಗಡಿಯ ಅಂದಾನಪ್ಪ ಕಿಟಕಿಯಲ್ಲಿ ಮುಖ ತೂರಿಸಿದ. "ಏನ್ರಿ ಡಾಕ್ಟರ, ಮುಂಜಾನಿಂದ ಒಂದೂ ಲಟಕ್ ಇಲ್ಲ. ಕೈಯಾಗಿನ ಕಸುವು ಹೋತೇನ?"

"ಕಸುವು ಐತ್ರಿ. ಮುರಿಯಂಗಿಲ್ಲ."

"ಪಾಪ, ಮೊದಮೊದಲು ಎಲ್ಲಾರೂ ಹಂಗ ಅಂತಾರ," ಎಂದು ಅಂದಾನಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದವರ ಕಡೆ ತಿರುಗಿ ಲೊಚಗುಟ್ಟಿದ.

ಡಾಕ್ಟರ ಕಸುವು ಹೋದ ಸುದ್ದಿ ಹರಿದ ಚೀಲದ ಅರಳೆಯಂತೆ ಬಸ್‌ಸ್ಟ್ಯಾಂಡಿನವರೆಗೂ ಹಾರಿತು. ಎದುರುಮನೆಯ ಸುಮಿತ್ರವ್ವ ಮಗಳ ಬಾಣಂತನಕ್ಕೆ ಕಟ್ಟಿದ್ದ ಅಂಟಿನುಂಡಿ ತಂದು ಮುಂದಿಟ್ಟಳು. "ತಿನ್ರಿ ಸರ, ಸೊರಗೀರಿ."

ಕೊಟ್ರೇಶ ಕೆರಳಿದ. "ನನಗೇನೂ ಆಗಿಲ್ಲ! ಬೆಟಗೇರಿಗೆ ಹೋಗ್ತೀರಂದ್ರ ಎಲ್ಲಾರೂ ಹೋಗ್ರಿ! ಖಾಲಿ ಮಂಚ ನೋಡ್ಕೋಂತ ಒಬ್ಬನ ಕುಂದರ್ತೇನಿ. ಮುರಿಯಂಗಿಲ್ಲ ಅಂದ್ರ ಮುರಿಯಂಗಿಲ್ಲ!"

"ಅಯ್ಯ, ದೃಷ್ಟಿ ಬಡದೈತಿ ಕೂಸಿಗೆ!" ಗದಿಗೆವ್ವ ಮಂಚದಿಂದಿಳಿದಳು. ಅಂದಾನಪ್ಪನಿಂದ ಉಪ್ಪು, ಮೆಣಸಿನಕಾಯಿ ಇಸಿದುಕೊಂಡು, ಕೊಟ್ರೇಶನನ್ನು ಕುರ್ಚಿಗೆ ದಬ್ಬಿ ನಿವಾಳಿಸತೊಡಗಿದಳು. ನೆತ್ತಿಯಿಂದ ಪಾದಕ್ಕೆ ಬಗ್ಗಿದಳು, ಪಾದದಿಂದ ನೆತ್ತಿಗೆ ಎದ್ದಳು. ಸುತ್ತು ಬಂದು ಮತ್ತೆ ಬಗ್ಗಿದಳು.

ಕೊಟ್ರೇಶನ ಕಣ್ಣು ಅರಳಿತು. "ನೋಡಬೇ, ಬಗ್ಗಿದಿ! ನಾ ಬಡಕೊಂಡಿದ್ದು ಇದನ್ನ!"

ಗದಿಗೆವ್ವ ಸೊಂಟ ಮುಟ್ಟಿ ನೋಡಿಕೊಂಡಳು. ಮತ್ತೊಮ್ಮೆ ಬಗ್ಗಿ ಎದ್ದಳು. "ಹೌದಲ್ಲೋ! ಹಗರಾತು!"

ಕೊಟ್ರೇಶ ಗೆದ್ದ ಪೈಲ್ವಾನನಂತೆ ಎದೆಯುಬ್ಬಿಸಿ ಎಲ್ಲರನ್ನೂ ನೋಡಿದ.

"ಕಂಡ್ರೇನ?" ಗದಿಗೆವ್ವ ಕಟ್ಟೆಯವರಿಗೆ ಕೂಗಿ ಹೇಳಿದಳು. "ಈ ಡಾಕ್ಟರನ ದೃಷ್ಟಿ ತಗದ್ರ ನಮ್ಮ ನೋವು ಹೋಗ್ತೈತಿ!"

ಬೆಟಗೇರಿ ಬಸ್ಸು ಯಾರೂ ಹತ್ತಲಿಲ್ಲ. ಮಧ್ಯಾಹ್ನದೊಳಗೆ ಅಂದಾನಪ್ಪನ ಅಂಗಡಿಯ ಮೆಣಸಿನಕಾಯಿ ಖಾಲಿ. ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದ ರೋಗಿಗಳ ಸಾಲು ಬಗ್ಗುತ್ತ, ಏಳುತ್ತ, ಅವನ ಸುತ್ತ ನಡೆಯುತ್ತ ನೋವು ಕಳೆದುಕೊಳ್ಳುತ್ತಿತ್ತು. ದೃಷ್ಟಿ ತೆಗೆಯುವುದು ಬೇಡವೆಂದರೆ ವ್ಯಾಯಾಮ ನಿಲ್ಲುತ್ತದೆ, ಸುಮ್ಮನಿದ್ದರೆ ಸಂಶೋಧನೆ ಸಾಯುತ್ತದೆ. ಕೊಟ್ರೇಶ ಮೆಣಸಿನಕಾಯಿ ಘಾಟಿಗೆ ಸೀನುತ್ತ ಕೂತೇ ಇದ್ದ.

ಸಂಜೆಯ ಹೊತ್ತಿಗೆ ಹಿಡಿದುಕೊಂಡದ್ದು ಅವನ ಸೊಂಟ. ನಾಲ್ಕು ಹೆಜ್ಜೆ ಅಡ್ಡಾಡೋಣವೆಂದು ತಿಣುಕುತ್ತ ಎದ್ದ.

"ಅಲ್ಲಾಡಬ್ಯಾಡ್ರಿ ಸರ!" ನಿವಾಳಿಸುತ್ತಿದ್ದ ಸುಮಿತ್ರವ್ವ ಭುಜ ಅದುಮಿ ಕೂರಿಸಿದಳು. "ನನ್ನ ಮೊಣಕಾಲು ನೋವು ಇನ್ನೂ ಅರ್ಧಾನ ಹೋಗೇತಿ!"