ನಲವತ್ತೊಂದನೆಯ ಪ್ರಾಣಿ

ನನ್ನ ಹೆಂಡತಿ ಮನೆಯಲ್ಲಿ ಕದ್ದು ಬೆಕ್ಕು ಸಾಕುತ್ತಿದ್ದಾಳೆ ಎಂದು ನಾನು ಹನ್ನೊಂದು ದಿನ ನಂಬಿದ್ದೆ. ನಂಬಿಕೆಗೆ ಆಧಾರವಿತ್ತು. ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ, ಹಿಂದಿನ ಕೋಣೆಯ ಮುಚ್ಚಿದ ಬಾಗಿಲಿನ ಆಚೆಯಿಂದ ಅವಳ ದನಿ ಕೇಳಿಬರುತ್ತಿತ್ತು: "ಬಾ, ಬಾ, ಹೆದರ್ಕೋಬೇಡ, ಏನೂ ಮಾಡಲ್ಲ. ಒಂದೇ ನಿಮಿಷ." ಇಪ್ಪತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಅವಳು ನನ್ನೊಡನೆ ಆ ದನಿಯಲ್ಲಿ ಮಾತಾಡಿದ ನೆನಪಿಲ್ಲ. ಆದ್ದರಿಂದ ಒಳಗಿರುವುದು ನಾಲ್ಕು ಕಾಲಿನದೇ ಎಂದು ತೀರ್ಮಾನಿಸಿದೆ.

ನನಗೆ ಬೆಕ್ಕಿನ ಕೂದಲು ಆಗುವುದಿಲ್ಲ. ಎರಡನೆಯ ದಿನದಿಂದಲೇ ಸೀನು ಶುರುವಾಯಿತು. ನಾಲ್ಕನೆಯ ದಿನ ಕಣ್ಣು ಕೆಂಪಾಯಿತು. ಮನೆಯಲ್ಲಿ ಬೆಕ್ಕಿದೆಯೇ ಎಂದು ಡಾಕ್ಟರು ಕೇಳಿದಾಗ, ಇದೆ, ಆದರೆ ನನಗೆ ಗೊತ್ತಾಗಿದೆ ಎಂಬುದು ಮನೆಯವರಿಗೆ ಇನ್ನೂ ಗೊತ್ತಿಲ್ಲ ಎಂದು ಉತ್ತರಿಸಿ, ಮಾತ್ರೆ ಬರೆಸಿಕೊಂಡು ಬಂದೆ. ಹನ್ನೊಂದನೆಯ ದಿನ ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಬಾಗಿಲು ತಳ್ಳಿದೆ. ಬೆಕ್ಕಿರಲಿಲ್ಲ. ಹೆಂಡತಿ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತು, ಎರಡೂ ಕೈಯಲ್ಲಿ ಆಟದ ರಿಮೋಟು ಹಿಡಿದು, ಟೀವಿಯೊಳಗಿದ್ದ ಮೂರು ಕಾಲಿನ, ಮಡಚಿದ ಛತ್ರಿಯಂಥ ನೇರಳೆ ಪ್ರಾಣಿಯೊಂದನ್ನು ಓಲೈಸುತ್ತಿದ್ದಳು. ನನ್ನ ಸೀನು ಅಲ್ಲಿಗೇ ನಿಂತಿತು. (ಇದನ್ನು ಡಾಕ್ಟರಿಗೆ ಹೇಳಿಲ್ಲ. ಮಾತ್ರೆಯ ಗುಣ ಎಂದುಕೊಂಡು ಅವರು ಸಂತೋಷವಾಗಿದ್ದಾರೆ.)

ವಿಷಯ ಇಷ್ಟೇ. ನಮ್ಮ ಮಗಳು ತನಗೊಂದು ಹೊಸ ಆಟದ ಯಂತ್ರ ತಂದುಕೊಂಡು, ಹಳೆಯದನ್ನು ಅಮ್ಮನಿಗೆ ಸಾಗಹಾಕಿದ್ದಳು. ಅದರಲ್ಲಿ ಉಳಿದಿದ್ದ ಆಟ ಒಂದೇ. ಆಕಾಶನೌಕೆಯಲ್ಲಿ ಯಾವುದೋ ಗ್ರಹಕ್ಕೆ ಹೋಗಿ ಇಳಿಯುವುದು, ಅಲ್ಲಿನ ಜೀವಿಗಳನ್ನು ಹುಡುಕುವುದು, ಟಾರ್ಚಿನಂಥ ಒಂದು ಸಾಧನವನ್ನು ಹತ್ತು ಸೆಕೆಂಡು ಅದರತ್ತ ಅಲುಗಾಡದೆ ಹಿಡಿಯುವುದು, 'ಟಿಂಗ್' ಎಂದ ಮೇಲೆ ಹೆಸರಿಟ್ಟು ಪಟ್ಟಿಗೆ ಸೇರಿಸುವುದು. ಗುಂಡು ಹಾರಿಸುವಂತಿಲ್ಲ. ಯಾರೂ ಸಾಯುವುದಿಲ್ಲ. ಉಳಿದವರು ಒಂದು ಗ್ರಹ ನೋಡಿ ಇನ್ನೊಂದಕ್ಕೆ ಹಾರುತ್ತಾರಂತೆ. ನನ್ನ ಹೆಂಡತಿ ಇಳಿದ ಮೊದಲ ಗ್ರಹದಲ್ಲೇ ಬೇರು ಬಿಟ್ಟಳು. ಎಂಟು ತಿಂಗಳು.

ಆ ಗ್ರಹದಲ್ಲಿ ನಲವತ್ತೊಂದು ಜೀವಿಗಳಿವೆ ಎಂದು ಆಟವೇ ಹೇಳುತ್ತದೆ. ಎಲ್ಲಿವೆ ಎಂದು ಹೇಳುವುದಿಲ್ಲ. ನಲವತ್ತೊಂದನ್ನೂ ಎಲ್ಲರಿಗಿಂತ ಮೊದಲು ಪಟ್ಟಿ ಮಾಡಿದವರಿಗೆ ಗ್ರಹಕ್ಕೆ ಹೆಸರಿಡುವ ಹಕ್ಕು. ಒಮ್ಮೆ ಇಟ್ಟ ಹೆಸರನ್ನು ಮತ್ತೆ ಯಾರೂ ಬದಲಾಯಿಸುವಂತಿಲ್ಲ. ಅಲ್ಲಿಗೆ ಬಂದು ಇಳಿದವರಿಗೆಲ್ಲ ಅದೇ ಹೆಸರು ಕಾಣಬೇಕು. ನಾನು ಹೇಳಹೊರಟಿರುವ ಕಾಲಕ್ಕೆ ಅವಳ ಪಟ್ಟಿ ನಲವತ್ತಕ್ಕೆ ಬಂದು ನಿಂತಿತ್ತು. ಅವಳ ಬೆನ್ನಿಗೇ, ಮೂವತ್ತೊಂಬತ್ತರಲ್ಲಿ, 'ದವಡೆ' ಎಂಬ ಹೆಸರಿನಿಂದ ಆಡುವ ಇನ್ನೊಬ್ಬರು. ಎಲ್ಲೋ ದೂರದ ಹಲ್ಲಿನ ಡಾಕ್ಟರಂತೆ. (ಪೇಷಂಟುಗಳು ಬಾಯಿ ತೆರೆದುಕೊಂಡು ಕಾಯುವಾಗ ಈ ಮಹಾಶಯರು ಬೇರೆ ಗ್ರಹದಲ್ಲಿರುತ್ತಾರೆ ಎಂಬುದು ನನ್ನ ಅನುಮಾನ.)

ಒಂದು ಹೆಸರಿಗಾಗಿ ಇಷ್ಟು ಒದ್ದಾಟವೇ ಎಂದು ಒಮ್ಮೆ ನಗುತ್ತ ಕೇಳಿದೆ. ಅವಳು ನಗಲಿಲ್ಲ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ರಕ್ತ ತೆಗೆಯುತ್ತಿರುವವಳು.

"ದಿನಕ್ಕೆ ಎಂಬತ್ತು ಟ್ಯೂಬಿನ ಮೇಲೆ ಬೇರೆಯವರ ಹೆಸರು ಬರೀತೀನಿ. ಸಂಜೆಗೆ ಎಲ್ಲಾ ಎಸೀತಾರೆ. ರಿಪೋರ್ಟಲ್ಲಿ ಡಾಕ್ಟರ ಸಹಿ. ಒಂದು ಕಡೆಯಾದ್ರೂ ನಾನು ಬರೆದಿದ್ದು ಹಾಗೇ ಉಳೀಲಿ ಅಂತ," ಎಂದಳು.

ಈ ಮಾತನ್ನು ನಾನು ಗಮನವಿಟ್ಟು ಕೇಳಿಸಿಕೊಳ್ಳಬೇಕಿತ್ತು. ಆದರೆ ಆಗ ನನ್ನ ಕಣ್ಣು ಅವಳ ಪಟ್ಟಿಯ ಮೇಲೆ ಬಿದ್ದಿತ್ತು.

ಇಲ್ಲಿ ನನ್ನ ವಿಷಯವಾಗಿ ಎರಡು ಮಾತು ಹೇಳದೆ ಗತ್ಯಂತರವಿಲ್ಲ. ನಾನು ನಗರ ಗ್ರಂಥಾಲಯದ ಸೂಚಿ ವಿಭಾಗದ ಮುಖ್ಯಸ್ಥ. ಯಾವ ಪುಸ್ತಕ ಎಲ್ಲಿದೆ ಎಂದು ತೋರಿಸುವ ಕಾರ್ಡುಗಳ ಸಾಮ್ರಾಜ್ಯ ನನ್ನದು. ಒಂದೇ ಪುಸ್ತಕ ಎರಡು ಕಾರ್ಡುಗಳಲ್ಲಿ ಕುಳಿತಿರುವುದು ಕಂಡರೆ ನನಗೆ ಅನ್ನ ಸೇರುವುದಿಲ್ಲ. ಸೇವೆಗೆ ಸೇರಿದಂದಿನಿಂದ ಆರು ಸಾವಿರದ ಇನ್ನೂರು ಚಿಲ್ಲರೆ ಜೋಡಿಗಳನ್ನು ಒಂದು ಮಾಡಿದ್ದೇನೆ. ಮದುವೆಯ ದಲ್ಲಾಳಿ ಇಷ್ಟು ಜೋಡಿಗಳನ್ನು ಒಂದು ಮಾಡಿದ್ದರೆ ಊರು ಅವನಿಗೆ ಶಾಲು ಹೊದಿಸುತ್ತಿತ್ತು. ನನಗೆ ಹೊದಿಸಿಲ್ಲ. ಇರಲಿ.

ಅಂಥವನ ಮನೆಯಲ್ಲಿ ಎಂಥ ಪಟ್ಟಿ. ಒಂದು ಜೀವಿಯ ಹೆಸರು 'ಅತ್ತು ಆಮೇಲೆ ಸುಮ್ಮನಾಗುತ್ತೆ'. ಇನ್ನೊಂದು 'ಬಾಯಿ ಜೋರು, ಹತ್ರ ಹೋದ್ರೆ ಓಟ'. ಮತ್ತೊಂದು, 'ಜೊತೆಗೆ ಬಂದವರದೇ ಗಲಾಟೆ'. ವರ್ಗವಿಲ್ಲ, ಕ್ರಮವಿಲ್ಲ, ಅಕಾರಾದಿಯ ಗಂಧಗಾಳಿಯಿಲ್ಲ. ಕಾಲೆಷ್ಟು, ಬಣ್ಣವೇನು ಎಂದು ಮೊದಲು ಬರೆಯಬೇಕು, ಉದಾಹರಣೆಗೆ 'ಪ್ರಾಣಿ, ಆರು ಕಾಲಿನದು, ನೀಲಿ', ಎಂದು ತಿಳಿಹೇಳಿದೆ.

"ಲ್ಯಾಬಿಗೆ ಬಂದವರನ್ನ ನಾನು ಎರಡು ಕಾಲಿಂದು, ಗಂಡು, ದಪ್ಪ ಅಂತ ನೆನಪಿಟ್ಕೊಳ್ಳಲ್ಲ ರೀ. ಸೂಜಿ ಕಂಡ್ರೆ ಏನು ಮಾಡ್ತಾರೆ ಅಂತ ನೆನಪಿಟ್ಕೋತೀನಿ. ಮುಂದಿನ ಸಲಕ್ಕೆ ಬೇಕಾಗೋದು ಅದೇ."

"ಅದು ಸೂಚಿ ಅಲ್ಲ ಕಣೇ, ಚಾಡಿ."

"ಆಗಲಿ. ನನ್ನ ಚಾಡಿಗೆ ಕೈ ಹಚ್ಚಬೇಡಿ."

ಕೈ ಹಚ್ಚಬೇಡಿ ಎಂದರೆ ಹಚ್ಚದೆ ಇರಲು ನಾನೇನು ಸಾಮಾನ್ಯನೇ. ಗ್ರಂಥಾಲಯಕ್ಕೆ ಸೋಮವಾರ ರಜೆ; ಲ್ಯಾಬಿಗೆ ಇಲ್ಲ. ಆ ಸೋಮವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ, ಒಂದು ಲೋಟ ಚಹಾ ಮಾಡಿಕೊಂಡು, ಅವಳ ಕುರ್ಚಿಯಲ್ಲಿ ಕುಳಿತು, ಕನ್ನಡಕ ಒರೆಸಿಕೊಂಡು, ಪಟ್ಟಿಯ ಪರಿಷ್ಕರಣ ಕಾರ್ಯವನ್ನು ಆರಂಭಿಸಿದೆ. ಸಂಜೆ ಅವಳು ಬಂದು ನೋಡಿ ಬೆರಗಾಗುವ ದೃಶ್ಯ ಕಣ್ಣ ಮುಂದೆ ಕಟ್ಟಿದಂತಿತ್ತು.

ಹದಿನಾರನೆಯ ನಮೂದು: 'ಕಂಬಳಿ'. ಕೆಳಗೆ ಅವಳ ಟಿಪ್ಪಣಿ: 'ಒದ್ದೆ ಕಂಬಳಿ ಹರವಿದ ಹಾಗಿರುತ್ತೆ. ಪಾಪದ್ದು.' ಮೂವತ್ತೆಂಟನೆಯ ನಮೂದು: 'ಇನ್ನೊಂದು ಕಂಬಳಿ'. ಟಿಪ್ಪಣಿ: 'ಅದೇ ಥರ. ಮಂಜಿನ ದಿನ ಮಾತ್ರ. ನೋಡದಿದ್ರೆ ಬರುತ್ತೆ.'

ನನ್ನ ಮೈಯಲ್ಲಿ ಹಳೆಯ ರೋಮಾಂಚನ ಹರಿಯಿತು. ಎರಡರ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಅದೇ ಬಣ್ಣ, ಅದೇ ಗಾತ್ರ, ಅಂಚಿನಲ್ಲಿ ಅದೇ ಕುಚ್ಚು. 'ಅದೇ ಥರ' ಎಂದು ಬರೆದವಳೇ ಒಪ್ಪಿಕೊಂಡಿದ್ದಾಳೆ. ಇದಕ್ಕಿಂತ ಸಾಕ್ಷಿ ಬೇಕೇ? ಮಗಳಿಗೆ ಫೋನು ಮಾಡಿ, ಈ ಆಟದಲ್ಲಿ ಒಂದು ನಮೂದನ್ನು ತೆಗೆಯುವುದಿದ್ದರೆ ಯಾವ ಗುಂಡಿ ಎಂದು ವಿಚಾರಿಸಿದೆ. ಯಾಕೆ ಎಂದಳು. ಸಾಮಾನ್ಯ ಜ್ಞಾನಕ್ಕೆ ಎಂದೆ. ಅಪ್ಪನ ಜ್ಞಾನದಾಹವನ್ನು ಅವಳು ಎಂದೂ ಶಂಕಿಸಿದವಳಲ್ಲ, ಹೇಳಿದಳು. ಒತ್ತಿದಾಗ ಪರದೆಯ ಮೇಲೆ 'ಖಚಿತವೇ?' ಎಂಬ ಪ್ರಶ್ನೆ ಮೂಡಿತು. ಸೇವಾವಧಿಯಲ್ಲಿ ನನ್ನನ್ನು ಹಾಗೆ ಕೇಳುವ ಧೈರ್ಯ ಯಾರೂ ಮಾಡಿರಲಿಲ್ಲ. ಗುಂಡಿಯನ್ನು ತುಸು ಜೋರಾಗಿಯೇ ಒತ್ತಿದೆ.

ಸಂಜೆ ಅವಳು ಬಂದಳು. ಕೈಕಾಲು ತೊಳೆದಳು. ಟೀವಿ ಹಾಕಿದಳು. ನಾನು ಪತ್ರಿಕೆಯ ಮರೆಯಲ್ಲಿ ಪ್ರಶಂಸೆಗಾಗಿ ಕಾಯುತ್ತಿದ್ದೆ. ಆಮೇಲೆ ಅವಳು ನನ್ನೆದುರು ಬಂದು ಕುಳಿತು, ಎಂದೂ ನನ್ನ ಪಾಲಿಗೆ ಬಾರದಿದ್ದ ಆ ಮೆತ್ತನೆಯ ದನಿಯಲ್ಲಿ ಕೇಳಿದಳು:

"ಹೆದರ್ಕೋಬೇಡಿ. ಏನೂ ಮಾಡಲ್ಲ. ಏನೇನು ಮುಟ್ಟಿದ್ರಿ, ನಿಧಾನಕ್ಕೆ ಹೇಳಿ."

ಆ ದನಿಗೆ ಎಂಟು ತಿಂಗಳು ಅಸೂಯೆಪಟ್ಟವನು ನಾನು. ಅದನ್ನು ಕೇಳಿದ ಪ್ರಾಣಿಗಳು ಯಾಕೆ ಓಡುತ್ತಿದ್ದವು ಎಂಬುದು ಆಗ ತಿಳಿಯಿತು.

ಹೇಳಿದೆ. ಎರಡೂ ಒಂದೇ ಎಂಬುದಕ್ಕೆ ಬಣ್ಣ, ಗಾತ್ರ, ಕುಚ್ಚುಗಳ ಆಧಾರವನ್ನೂ ಕ್ರಮವಾಗಿ ಮಂಡಿಸಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಒಂದು ಇನ್ನೊಂದನ್ನ ತಿನ್ನುತ್ತೆ ರೀ," ಎಂದಳು.

"ಏನು?"

"ತಿನ್ನೋಕಂತ್ಲೇ ಅದರ ಥರ ಇರೋದು. ಪಾಪದ ಕಂಬಳಿಗಳ ಮಧ್ಯೆ ಹೋಗಿ ಸುಮ್ಮನೆ ಮಲಗುತ್ತೆ. ನೀವು ಅಳಿಸಿದ್ದು ತಿನ್ನೋದನ್ನ."

ಅಳಿಸಿದ್ದನ್ನು ಮರಳಿ ತರಲು ಬರುವುದಿಲ್ಲವಂತೆ. ಮತ್ತೆ ಹುಡುಕಿ ಕಾಣಬೇಕಂತೆ. ಆ ಇನ್ನೊಂದು ಕಂಬಳಿಗಾಗಿ ಅವಳು ಮೂರು ವಾರ ಕಾದಿದ್ದಳಂತೆ. ಅದು ಬರುವುದು ಆ ಗ್ರಹದಲ್ಲಿ ಮಂಜು ಬಿದ್ದ ದಿನ ಮಾತ್ರ, ಮುಂದಿನ ಮಂಜು ಶನಿವಾರ ಮಧ್ಯಾಹ್ನ. ನಲವತ್ತಿದ್ದ ಅವಳ ಪಟ್ಟಿ ಮೂವತ್ತೊಂಬತ್ತಾಗಿತ್ತು. ಬುಧವಾರದ ಹೊತ್ತಿಗೆ ದವಡೆ ನಲವತ್ತಕ್ಕೆ ಏರಿದರು.

ಬೈದಿದ್ದರೆ ಬೈಗುಳ ಮುಗಿಯುತ್ತಿತ್ತು. ಅವಳು ಬೈಯಲಿಲ್ಲ. ಊಟಕ್ಕೆ ಬಡಿಸಿದಳು, ನನ್ನ ಷರಟಿನ ಗುಂಡಿ ಹೊಲಿದಳು, ಮಗಳ ಫೋನು ಬಂದಾಗ ಅಪ್ಪ ಚೆನ್ನಾಗಿದ್ದಾರೆ ಎಂದಳು. ನಾನು ಮೂರು ದಿನ ಗ್ರಂಥಾಲಯದಲ್ಲಿ ಒಂದೇ ಒಂದು ಜೋಡಿಯನ್ನೂ ಒಂದು ಮಾಡಲಿಲ್ಲ. ಎರಡು ಕಾರ್ಡು ಅಕ್ಕಪಕ್ಕ ಕಂಡಾಗಲೆಲ್ಲ, ಇದರಲ್ಲಿ ಯಾವುದು ಯಾವುದನ್ನು ತಿನ್ನಲು ಕಾದಿದೆಯೋ ಎಂಬ ಭಯ.

ಶನಿವಾರ ಅವಳು ಅರ್ಧ ದಿನ ರಜೆ ಹಾಕಿ ಬಂದಳು. ನಾನೂ ಹಾಕಿದೆ, ಪ್ರಾಯಶ್ಚಿತ್ತಕ್ಕೆ ಬೇರೆ ಅರ್ಜಿ ನಮೂನೆ ನಮ್ಮಲ್ಲಿಲ್ಲ. ಎರಡು ಗಂಟೆಯ ಸುಮಾರಿಗೆ ಟೀವಿಯೊಳಗೆ ಮಂಜು ಇಳಿಯಿತು. ಹಳ್ಳದ ಬದಿಯಲ್ಲಿ ಏಳೆಂಟು ಕಂಬಳಿಗಳು ಬಿದ್ದುಕೊಂಡಿದ್ದವು. ಅವುಗಳ ನಡುವೆ ಆ ಇನ್ನೊಂದು ಕಂಬಳಿ ಬಂದಾಗ ಅದರತ್ತ ನೇರ ನೋಡಿದರೆ ಮಾಯವಾಗಿಬಿಡುತ್ತದಂತೆ. ಹಿಂದಿನ ಸಲ ಕಂಬಳಿಗಳು ಬೇರೆ ಕಡೆ ಇದ್ದುದರಿಂದ ಅವಳು ಹಳ್ಳದ ಕಡೆ ಮುಖ ಮಾಡಿ ನಿಂತು ಸಾಧಿಸಿದ್ದಳು. ಈ ಸಲ ಅವು ಹಳ್ಳದ ಕಡೆಯೇ ಇದ್ದುದರಿಂದ ಎದುರು ದಿಕ್ಕಿನ ಬಂಡೆಯತ್ತ ತಿರುಗಿ, ಟಾರ್ಚನ್ನು ಮಾತ್ರ ಹಿಂದಕ್ಕೆ ಚಾಚಿ ನಿಂತಳು. ಆ ಬಂಡೆ ನನಗೂ ಪರಿಚಯದ್ದೇ. ನೌಕೆ ನಿಲ್ಲಿಸಿದ ಜಾಗದ ಗುರುತಿಗೆ ಎಂಟು ತಿಂಗಳಿಂದ ಅವಳಿಗಿದ್ದದ್ದು ಅದೊಂದೇ.

"ನೀವೂ ಆ ಕಡೆ ತಿರುಗಿ," ಎಂದಳು.

ನಾನು ವಿವೇಚನಾಶೀಲ. ಪ್ರಾಣಿ ಟೀವಿಯ ಒಳಗಿದೆ, ನಾನು ಹೊರಗಿದ್ದೇನೆ, ನಾನು ನೋಡಿದರೂ ಬಿಟ್ಟರೂ ಅದಕ್ಕೆ ಗೊತ್ತಾಗುವ ಸಂಭವವಿಲ್ಲ ಎಂದು ವಿವರಿಸಿದೆ.

"ಲ್ಯಾಬಲ್ಲೂ ಪೇಷಂಟು ತೆಪ್ಪಗೇ ಇರ್ತಾನೆ. ಜೊತೆಗೆ ಬಂದವರು ಬಗ್ಗಿ ಬಗ್ಗಿ ನೋಡಿ, ಅಯ್ಯೋ ಅಂದು, ಅವನನ್ನೂ ಕೆಡಿಸ್ತಾರೆ. ನೀವು ಅಯ್ಯೋ ಅಂದ್ರೆ ನನ್ನ ಕೈ ಅಲುಗುತ್ತೆ. ತಿರುಗಿ ರೀ."

ತಿರುಗಿದೆ. ಪ್ರತಿಷ್ಠಿತ ವಿಭಾಗವೊಂದರ ಮುಖ್ಯಸ್ಥ ತನ್ನದೇ ಮನೆಯ ಗೋಡೆಗೆ ಮುಖ ಮಾಡಿ ನಲವತ್ತು ನಿಮಿಷ ನಿಂತ. ಮಾಡಲು ಕೆಲಸವಿಲ್ಲದೆ ಗೋಡೆಗೇ ಸೂಚಿ ಬರೆದೆ: ಬಿರುಕು, ಅಡ್ಡ, ಮೂರು, ಬಿರುಕು, ಉದ್ದ, ಏಳು, ಮೊಳೆ, ಖಾಲಿ, ಒಂದು. ಏಳು ಬಿರುಕುಗಳಲ್ಲಿ ಎರಡು ಒಂದೇ ಇರಬಹುದೆನಿಸಿತು. ತೆಪ್ಪಗಿದ್ದೆ.

ಟಿಂಗ್ ಎಂದಿತು.

ಇನ್ನೊಂದು ಕಂಬಳಿ ಪಟ್ಟಿಗೆ ಮರಳಿತ್ತು. ನಲವತ್ತು. ನಾನು ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಹೆಂಡತಿಯ ದನಿ, ಪಿಸುಮಾತಿಗಿಂತ ತುಸು ಮೇಲೆ: "ನೀನು ಇಷ್ಟು ದಿನ ಇಲ್ಲೇ ಇದ್ಯಾ?"

ಮದುವೆಯಾದಂದಿನಿಂದ ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಕ್ಷಮೆಯ ಮೊದಲ ಲಕ್ಷಣವೆಂದೇ ಭಾವಿಸಿ, ಇಲ್ಲೇ ಇದ್ದೇನೆ, ನೀನೇ ತಿರುಗು ಎಂದದ್ದು ಎಂದು ಗೋಡೆಗೆ ಉತ್ತರ ಕೊಟ್ಟೆ. ಉತ್ತರಕ್ಕೆ ಉತ್ತರ ಬಾರದೆ ಇದ್ದುದರಿಂದ ತಿರುಗಿ ನೋಡಿದೆ.

ಬಂಡೆ ಕಣ್ಣು ಬಿಟ್ಟಿತ್ತು. ದೊಡ್ಡದಾಗಿ, ಎರಡು ಕಣ್ಣು. ಮಧ್ಯಾಹ್ನದ ನಿದ್ದೆಯಿಂದ ಎದ್ದವರ ಹಾಗೆ. ಎದುರಿಗೆ ಯಾರಾದರೂ ಬಹಳ ಹೊತ್ತು ಅಲ್ಲಾಡದೆ ನಿಂತರಷ್ಟೇ ಅದು ಕಣ್ಣು ತೆರೆಯುವ ಜಾತಿಯಂತೆ. ಅಷ್ಟು ತಿಂಗಳು ಎಲ್ಲೆಲ್ಲೋ ಅಲೆದು, ಸುಸ್ತಾದಾಗ ಹೆಂಡತಿ ಹತ್ತಿ ಕೂರುತ್ತಿದ್ದುದು ಅದರ ತಲೆಯ ಮೇಲೆಯೇ. ಅವಳು ಟಾರ್ಚನ್ನು ನಿಧಾನವಾಗಿ ಅದರತ್ತ ತಿರುಗಿಸಿ ಹತ್ತು ಸೆಕೆಂಡು ಹಿಡಿದಳು. ಕೈ ಅಲುಗಲಿಲ್ಲ. ಇಪ್ಪತ್ತಾರು ವರ್ಷದ ಕೈ ಅದು. ಮತ್ತೆ ಟಿಂಗ್. ನಲವತ್ತೊಂದು.

ದವಡೆಯಿಂದ ಅಭಿನಂದನೆ ಬಂತು. ಕೊನೆಯದು ಎಲ್ಲಿತ್ತು ಎಂದು ಕೇಳಿದ್ದರು. ಅದರ ಮೇಲೇ ಕೂತಿದ್ದೆ ಎಂದು ಇವಳು ಬರೆದಳು.

ನನಗೆ ಮಾತ್ರ ತಲೆಯಲ್ಲಿ ಒಂದು ದೀಪ ಹತ್ತಿಕೊಂಡಿತು. ನಾನು ಆ ಕಂಬಳಿಯನ್ನು ಅಳಿಸದೆ ಇದ್ದಿದ್ದರೆ ಇವಳು ಮತ್ತೆ ಮಂಜಿನಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲದಿದ್ದರೆ ಬಂಡೆಯನ್ನು ನಲವತ್ತು ನಿಮಿಷ ನೋಡುತ್ತಿರಲಿಲ್ಲ. ನೋಡದಿದ್ದರೆ ನಲವತ್ತೊಂದನೆಯದು ಯಾರಿಗೂ ಸಿಗುತ್ತಿರಲಿಲ್ಲ. ಸೂಕ್ಷ್ಮವಾಗಿ ವಿಚಾರ ಮಾಡಿದರೆ, ಈ ಮಹಾಶೋಧದ ಮೂಲಪುರುಷ ಯಾರು? ಈ ತರ್ಕವನ್ನು ಅವಳ ಮುಂದೆ ಬಿಡಿಸಿಟ್ಟೆ. ಪರದೆಯ ಮೇಲೆ ಹೆಸರು ಬರೆಯುವ ಖಾನೆ ತೆರೆದುಕೊಂಡಿತ್ತು. ಟ್ಯೂಬಿನ ಮೇಲೆ ಬರೆಯುವಾಗಿನ ಎಚ್ಚರದಿಂದ, ಒಂದೊಂದೇ ಅಕ್ಷರ ಆರಿಸಿ, ತನ್ನ ಪೂರ್ತಿ ಹೆಸರನ್ನು ಅದರಲ್ಲಿ ತುಂಬಿದಳು. ಒಮ್ಮೆ ಓದಿ ನೋಡಿದಳು. ಕಾಗುಣಿತ ಸರಿಯಿದೆಯೇ ಎಂದು ಇನ್ನೊಮ್ಮೆ ಓದಿದಳು.

ಹೆಸರಿನ ಮುಂದೆ ಇನ್ನೂ ಎಂಟು ಹತ್ತು ಅಕ್ಷರಗಳಷ್ಟು ಜಾಗ ಖಾಲಿ ಉಳಿದಿತ್ತು. ನನ್ನ ಕಸುಬಿನವನ ಕಣ್ಣು ಅಂಥದನ್ನು ಬಿಡುವುದಿಲ್ಲ. ಗಂಟಲು ಸರಿಮಾಡಿಕೊಂಡೆ.

"ಅಲ್ಲ ಕಣೇ, ಜಾಗ ಹೇಗೂ ಇದೆ. ಪಕ್ಕದಲ್ಲಿ ನನ್ನ ಹೆಸರೂ ಇದ್ರೆ ಆ ಗ್ರಹಕ್ಕೇನಾದ್ರೂ ಭಾರ ಆಗುತ್ತಾ?"

ಅವಳು ಪರದೆಯಿಂದ ಕಣ್ಣು ತೆಗೆಯದೆ ಗುಂಡಿ ಒತ್ತಿದಳು.

"ಅಲ್ಲಿ ನೀವಿಲ್ಲ ಅಂತ್ಲೇ ರೀ, ನಾನು ಎಂಟು ತಿಂಗಳು ಅಲ್ಲಿದ್ದಿದ್ದು."